ಗ್ರ್ಯಾಂಡ್‌ಮಾಸ್ಟರಿಗೂ ಒಂದು ಮಾರ್ಕ್ಸ್ ಕಾರ್ಡು

ಆಟ ಮುಗಿದ ಮೇಲೆ ಸೋತವನಿಗೆ ಬುದ್ಧಿ ಹೇಳುವ ಕೆಲಸಕ್ಕೆ ನಮ್ಮೂರು ತಳಕಿನಲ್ಲಿ ಎಂದೂ ಜನರ ಕೊರತೆ ಇದ್ದದ್ದಿಲ್ಲ. ಹುಲಿ-ಕುರಿ ಇರಲಿ, ಚೌಕಾಬಾರ ಇರಲಿ, ಆಡುವವರು ಇಬ್ಬರೋ ನಾಲ್ವರೋ. ಬಗ್ಗಿ ನೋಡುವವರು ಹತ್ತು ಜನ. ಆಡುವಾಗಲೇ ಅವರ ಬಾಯಿ ಕಟ್ಟುವುದು ಕಷ್ಟ, ಮುಗಿದ ಮೇಲಂತೂ ಕೇಳಲೇಬೇಡಿ. "ಆ ಕುರೀನ ಅಲ್ಲಿಡ್ಬಾರ್ದಾಗಿತ್ತು ಕಣಲೇ" ಎಂದು ಒಬ್ಬ ಶುರು ಮಾಡಿದರೆ, ಇನ್ನೊಬ್ಬ ಅದೇ ಮಾತನ್ನು ತೆಲುಗಿನಲ್ಲಿ ಹೇಳಿ ಸ್ವಲ್ಪ ಖಾರ ಸೇರಿಸುತ್ತಾನೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬೈಯುವವರಿಗೆ ಎರಡು ಭಾಷೆಯ ಅನುಕೂಲ ಉಂಟು. ಈಗ ಆ ಕೆಲಸವನ್ನೂ ಫೋನು ವಹಿಸಿಕೊಂಡುಬಿಟ್ಟಿದೆ.

ಚೆಸ್ ಆಪಿನಲ್ಲಿ ಒಂದಾಟ ಮುಗಿಸಿ ನೋಡಿ. ಎದುರಾಳಿ ಬ್ರೆಜಿಲ್‌ನವನೋ ಬಳ್ಳಾರಿಯವನೋ, ಗೆದ್ದು ಹೊರಟೇಬಿಟ್ಟಿರುತ್ತಾನೆ. ಫೋನು ಮಾತ್ರ ನಮ್ಮನ್ನು ಕೂರಿಸಿಕೊಂಡು ಲೆಕ್ಕ ಒಪ್ಪಿಸುತ್ತದೆ. ನಿಖರತೆ ನೂರಕ್ಕೆ ಇಷ್ಟು. ಒಳ್ಳೆಯ ನಡೆ ಇಷ್ಟು, ತಪ್ಪು ಇಷ್ಟು, ಮಹಾತಪ್ಪು ಇಷ್ಟು. ಮಹಾತಪ್ಪಿಗೆ ಕೆಂಪು ಬಣ್ಣದಲ್ಲಿ ಎರಡು ಪ್ರಶ್ನೆಚಿಹ್ನೆ. ಇನ್ನೂ ಕೇಳುವ ಧೈರ್ಯವಿದ್ದರೆ ಆಟಗಾರನ ಪೂರ್ಣ ಜಾತಕವನ್ನೇ ತೆಗೆಯುತ್ತದೆ. ನಿಮ್ಮ ಶೈಲಿ ಇಂಥದು, ನಿಮ್ಮ ಶಕ್ತಿ ಕೊನೆಯಾಟದಲ್ಲಿ, ಸುಧಾರಿಸಬೇಕಾದದ್ದು ಸಮಯದ ಬಳಕೆ. ಇದೇ ಧಾಟಿಯ ಮಾತನ್ನು ನಾನು ಕಡೆಯ ಸಲ ಕೇಳಿದ್ದು ಹೈಸ್ಕೂಲಿನಲ್ಲಿ, ನಮ್ಮಪ್ಪನನ್ನು ಎದುರಿಗೆ ನಿಲ್ಲಿಸಿಕೊಂಡು ಹೆಡ್‌ಮಾಸ್ತರು ಹೇಳಿದಾಗ.

ನನ್ನ ಮಾರ್ಕ್ಸ್ ಕಾರ್ಡನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಓದುತ್ತಿದ್ದಾಗ ನಮ್ಮ ದೊಡ್ಡಪ್ಪ ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಅವನು ಹಳೇ ಕಾಲದ ಚದುರಂಗದವನು. ಕನ್ನಡಕ ಹಣೆಗೇರಿಸಿ, ಫೋನನ್ನು ಮಾರುದ್ದ ದೂರ ಹಿಡಿದು ನೋಡಿ, "ಅಲ್ಲಲೇ, ನಿನ್ನ ಎದುರಿಗಿದ್ದೋನಿಗೂ ಇದು ಹಿಂಗೇ ಬುದ್ಧಿ ಹೇಳ್ತೈತಾ?" ಅಂದ. "ಹೇಳ್ತೈತೆ ದೊಡ್ಡಪ್ಪ, ಎಲ್ರಿಗೂ ಹೇಳ್ತೈತೆ" ಅಂದೆ. "ಎಲ್ರೂ ತಿದ್ಕಂಡ ಮ್ಯಾಲೆ ಆಟ ಎಲ್ಲೈತಲೇ?"

ತಳಕು ಅಂದರೆ ಹೊರಗಿನವರಿಗೆ ನೆನಪಾಗುವುದು ಚದುರಂಗವಲ್ಲ, ಪುಸ್ತಕ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರು, ಕುವೆಂಪು ತಮ್ಮ ರಾಮಾಯಣವನ್ನೇ ಅರ್ಪಿಸಿದ ಗುರುಗಳು, ಈ ಊರಿನವರು. ಕಾದಂಬರಿಕಾರ ತ.ರಾ.ಸು. ಈ ವೆಂಕಣ್ಣಯ್ಯನವರ ತಮ್ಮನ ಮಗ. ಹೀಗಾಗಿ ಇಲ್ಲಿ ಯಾರಾದರೂ ಒಳ್ಳೆಯ ಸಾಲು ಬರೆದರೆ ಆಶ್ಚರ್ಯವಿಲ್ಲ, ಒಳ್ಳೆಯ ನಡೆ ನಡೆಸಿದರೆ ಮಾತ್ರ ಜನ ತಿರುಗಿ ನೋಡುತ್ತಾರೆ. ಕನ್ನಡದವರೆಲ್ಲರ ಕಥೆಯೂ ಸುಮಾರಾಗಿ ಇದೇ. ಚದುರಂಗ ಅಂದರೆ 'ಸರ್ವಮಂಗಳಾ', 'ವೈಶಾಖ' ಬರೆದ ಸುಬ್ರಹ್ಮಣ್ಯರಾಜೇ ಅರಸರು ಎಂದುಕೊಂಡೇ ನಮ್ಮಲ್ಲಿ ಬಹಳ ಮಂದಿ ಬಹಳ ವರ್ಷ ಸುಖವಾಗಿದ್ದರು. ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್, ಪಕ್ಕದ ಮದರಾಸಿನ ವಿಶ್ವನಾಥನ್ ಆನಂದ್ ಪಟ್ಟಕ್ಕೆ ಬಂದದ್ದು 1988ರಲ್ಲಿ. ಆ ಪಟ್ಟ ಕರ್ನಾಟಕಕ್ಕೆ ಬರಲು 2017 ಆಗಬೇಕಾಯಿತು. ಮೈಸೂರಿನ ಎಂ.ಎಸ್. ತೇಜಕುಮಾರ್ ಭಾರತದ 50ನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ಅವರು ರೈಲ್ವೆ ನೌಕರರು. ಚೆನ್ನೈನಿಂದ ಮೈಸೂರಿಗೆ ಬರಲು ಈ ಪಟ್ಟ 29 ವರ್ಷ ತೆಗೆದುಕೊಂಡಿದೆ ಎಂದರೆ ಅದು ಹತ್ತಿದ್ದು ಯಾವ ಪ್ಯಾಸೆಂಜರ್ ಗಾಡಿಯೋ! ತೇಜಕುಮಾರ್‌ಗೆ ಆಗ ವಯಸ್ಸು ಮೂವತ್ತೈದು ದಾಟಿತ್ತು. ಐದು ವರ್ಷದ ನಂತರ, 2022ರಲ್ಲಿ, ಬೆಂಗಳೂರಿನ ಪ್ರಣವ್ ಆನಂದ್ 76ನೆಯವನಾಗಿ ಬಂದಾಗ ಅವನಿಗೆ ಹದಿನೈದು. ಈ ಎರಡು ವಯಸ್ಸುಗಳ ನಡುವೆ ಏನಾಯಿತು ಎಂದು ಕೇಳಿದರೆ, ನನ್ನ ಅಕ್ಕನ ಮಗ ಒಂದೇ ಮಾತಿನಲ್ಲಿ ಹೇಳುತ್ತಾನೆ: "ನೆಟ್ ಬಂತು, ಮಾವ."

ಅವನು ಚಳ್ಳಕೆರೆಯಲ್ಲಿ ಡಿಗ್ರಿ ಓದುತ್ತಾನೆ. ಹಾಗೆಂದು ನಮ್ಮಕ್ಕ ನಂಬಿದ್ದಾಳೆ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಬುಲೆಟ್ ಆಡುತ್ತಾನೆ. ಬುಲೆಟ್ ಅಂದರೆ ಬೈಕಲ್ಲ, ಒಬ್ಬೊಬ್ಬನಿಗೆ ಇಡೀ ಆಟಕ್ಕೆ ಒಂದೇ ನಿಮಿಷ ಕೊಡುವ ಚೆಸ್. ಅವನಿಂದಲೇ ನಾನು "ಆನ್‌ಲೈನ್ ಗ್ರ್ಯಾಂಡ್‌ಮಾಸ್ಟರ್" ಎಂಬ ಮಾತು ಮೊದಲು ಕೇಳಿದ್ದು. ಹಾಗೊಂದು ಜಾತಿ ಇದೆಯೇ ಎಂದು ವಿಚಾರಿಸಿದರೆ, ಕಾನೂನಿನ ಪ್ರಕಾರ ಇಲ್ಲ. ಸ್ವಲ್ಪ ಜಗ್ಗಿದರೆ ಇದೆ. ಅಸಲಿ ಪಟ್ಟಕ್ಕೆ ವಿಶ್ವ ಚೆಸ್ ಸಂಸ್ಥೆ ಫಿಡೆ ಇಟ್ಟಿರುವ ಷರತ್ತು ಕಠಿಣ: 2500 ರೇಟಿಂಗ್ ಮುಟ್ಟಬೇಕು, ಮೂರು ನಾರ್ಮ್ ಗಳಿಸಬೇಕು, ಅದೂ ಎದುರಾಳಿಯ ಮುಖ ನೋಡಿಕೊಂಡು, ಮರದ ಕಾಯಿ ಕೈಯಲ್ಲಿ ಹಿಡಿದು. ಆದರೆ ಇದೇ ಫಿಡೆ ತನ್ನ ಆನ್‌ಲೈನ್ ಅಖಾಡದಲ್ಲಿ ಆಡುವವರಿಗೆ "ಅರೆನಾ ಗ್ರ್ಯಾಂಡ್‌ಮಾಸ್ಟರ್" ಎಂಬ ಇನ್ನೊಂದು ಬಿರುದನ್ನೂ ಇಟ್ಟಿದೆ. ಅದಕ್ಕೆ ಇಷ್ಟೆಲ್ಲ ಕಷ್ಟ ಬೇಕಿಲ್ಲ. ಈ ಬಿರುದು ಪಡೆದವರ ವಿಸಿಟಿಂಗ್ ಕಾರ್ಡಿನಲ್ಲಿ "ಅರೆನಾ" ಎಷ್ಟು ಸಣ್ಣ ಅಕ್ಷರದಲ್ಲಿರುತ್ತದೋ ನೋಡಬೇಕೆಂಬ ಕುತೂಹಲ ನನಗಿದೆ.

ಅಕ್ಕನ ಮಗ ಹೇಳುವುದು ಇವರನ್ನಲ್ಲ. ಪಟ್ಟವೂ ಅಸಲಿ, ಹೆಸರು ಗಳಿಸಿದ್ದು ಮಾತ್ರ ಪರದೆಯ ಮೇಲೆ, ಅಂಥವರನ್ನು. ಅವನ ದೇವರು ಇಬ್ಬರು: ಅಮೆರಿಕದ ಹಿಕಾರು ನಾಕಾಮುರಾ, ತ್ರಿಶ್ಶೂರಿನ ನಿಹಾಲ್ ಸರೀನ್. ನಿಹಾಲ್ ನಮ್ಮ ನೆರೆಯವನು, ಆದ್ದರಿಂದ ಅವನ ಮಾರ್ಕ್ಸ್ ಕಾರ್ಡನ್ನೇ ಮೊದಲು ತೆಗೆಯೋಣ.

2004ರಲ್ಲಿ ಹುಟ್ಟಿದ ಹುಡುಗ, 2018ರಲ್ಲಿ ಗ್ರ್ಯಾಂಡ್‌ಮಾಸ್ಟರ್. ಕೋವಿಡ್ ಕಾಲದಲ್ಲಿ ಟೂರ್ನಿಗಳೆಲ್ಲ ಬಾಗಿಲು ಹಾಕಿ ಆಟವೆಲ್ಲ ಪರದೆಗೆ ಬಂದಾಗ, 2020ರಲ್ಲೂ 2021ರಲ್ಲೂ ಕಿರಿಯರ ಸ್ಪೀಡ್ ಚೆಸ್ ಚಾಂಪಿಯನ್. ಅವನ ಬುಲೆಟ್ ಆಟ ನೋಡುವುದೆಂದರೆ ಕಣ್ಣಿಗೆ ಕೆಲಸವೇ ಹೊರತು ತಲೆಗಲ್ಲ. ನಾವು ಒಂದು ನಡೆ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಆರು ನಡೆ ಆಗಿಹೋಗಿರುತ್ತದೆ. ಎದುರಾಳಿ ನಡೆಸುವ ಮೊದಲೇ ತನ್ನ ಉತ್ತರವನ್ನು ಒತ್ತಿಟ್ಟುಕೊಳ್ಳುವ ಸೌಲಭ್ಯವೊಂದಿದೆ, ಪ್ರೀಮೂವ್ ಎನ್ನುತ್ತಾರೆ. ಚೆಸ್ ಡಾಟ್ ಕಾಮ್‌ನಲ್ಲಿ ಅದಕ್ಕೆ ತಗಲುವುದು ಸೆಕೆಂಡಿನ ಹತ್ತನೇ ಒಂದು ಪಾಲು. ಎದುರಾಳಿ ನೀವೆಣಿಸಿದ್ದನ್ನೇ ಆಡಿದರೆ ಲಾಭ, ಬೇರೇನಾದರೂ ಆಡಿದರೆ ನಿಮ್ಮ ಮಂತ್ರಿ ತಾನಾಗಿ ಹೋಗಿ ಅವನ ಬಾಯಿಗೆ ಬೀಳುತ್ತಾನೆ. ಎಂದರೆ ಇದು ಬರೀ ಬೆರಳಿನ ಚುರುಕಲ್ಲ. ಎದುರಿಗಿರುವವನು ಮುಂದೇನು ಮಾಡುತ್ತಾನೆಂದು ಅವನಿಗಿಂತ ಮೊದಲು ತಿಳಿದಿರಬೇಕು. ಲೆಕ್ಕ ಹಾಕಲು ಹೊತ್ತಿಲ್ಲದ ಜಾಗದಲ್ಲಿ ಕಾಯಿಗಳು ಎಲ್ಲಿರಬೇಕೆಂದು ಕೈಗೇ ಗೊತ್ತಿರಬೇಕು. ನಿಹಾಲನ ದೊಡ್ಡ ಶಕ್ತಿ ಅದೇ.

ಸುಧಾರಿಸಬೇಕಾದದ್ದು? ಇಲ್ಲಿ ಫೋನಿಗಿಂತ ಅವನ ಓರಗೆಯವರ ಕಥೆ ಹೆಚ್ಚು ಹೇಳುತ್ತದೆ. 2022ರ ಚೆನ್ನೈ ಒಲಿಂಪಿಯಾಡಿನಲ್ಲಿ ಭಾರತದ ಎರಡನೆಯ ತಂಡದಲ್ಲಿ ಮೊದಲ ಬೋರ್ಡಿಗೆ ಗುಕೇಶ್, ಎರಡನೆಯದಕ್ಕೆ ನಿಹಾಲ್. ಇಬ್ಬರಿಗೂ ತಮ್ಮ ತಮ್ಮ ಬೋರ್ಡಿನಲ್ಲಿ ಚಿನ್ನ. ಮುಂದಿನ ಒಲಿಂಪಿಯಾಡು 2024ರಲ್ಲಿ ಬುಡಾಪೆಸ್ಟಿನಲ್ಲಿ. ಭಾರತ ಚಿನ್ನ ಗೆದ್ದ ಆ ತಂಡದಲ್ಲಿ ಗುಕೇಶ್ ಇದ್ದ, ನಿಹಾಲ್ ಇರಲಿಲ್ಲ. ಅದೇ ವರ್ಷದ ಡಿಸೆಂಬರ್ 12ರಂದು ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್, ಹದಿನೆಂಟನೇ ವಯಸ್ಸಿಗೆ. ಅಕ್ಕನ ಮಗನಿಗೆ ಇದು ಇವತ್ತಿಗೂ ಒಳಗೊಳಗೆ ಬೇಜಾರು. "ಬ್ಲಿಟ್ಜ್‌ನಲ್ಲಿ ಕೂರಿಸಿ ನೋಡು ಮಾವ ಇಬ್ರನ್ನೂ" ಎನ್ನುತ್ತಾನೆ. ಅವನ ಮಾತು ಪೂರ್ತಿ ತಳ್ಳಿಹಾಕುವಂಥದಲ್ಲ. ಐದು ನಿಮಿಷ, ಮೂರು ನಿಮಿಷದ ಆಟಗಳಲ್ಲಿ ಗುಕೇಶ್ ತನ್ನ ಓರಗೆಯವರಷ್ಟು ಮಿಂಚಿದವನಲ್ಲ. ಅವನನ್ನು ಬೆಳೆಸಿದ ರೀತಿಯೇ ಬೇರೆ. ಕೋಚ್ ವಿಷ್ಣು ಪ್ರಸನ್ನ ಅವನಿಗೆ ರೇಟಿಂಗ್ 2500ರ ಸುಮಾರಿಗೆ ಬರುವವರೆಗೂ ಕಂಪ್ಯೂಟರ್ ಎಂಜಿನ್ ಮುಟ್ಟಗೊಟ್ಟಿರಲಿಲ್ಲ. ಜಗತ್ತಿನ ಮಕ್ಕಳೆಲ್ಲ ಎಂಜಿನ್ನಿಗೆ ಕೇಳಿ ಉತ್ತರ ಬರೆದುಕೊಳ್ಳುತ್ತಿದ್ದಾಗ ಈ ಹುಡುಗ ತಾನೇ ಕೂತು ಲೆಕ್ಕ ಹಾಕಿದ, ತಪ್ಪು ಮಾಡಿದ, ಮತ್ತೆ ಹಾಕಿದ.

ಸಿಂಗಪುರದ ಕಡೆಯ ಆಟವನ್ನು, 14ನೆಯದನ್ನು, ನೆನೆದರೆ ನನಗೆ ಈ ಮಾರ್ಕ್ಸ್ ಕಾರ್ಡಿನ ಮೇಲಿನ ಭಕ್ತಿ ಇನ್ನೂ ಕಡಿಮೆಯಾಗುತ್ತದೆ. ಅಂಕ ಸಮಸಮ. ಆಟವೂ ಸಮಸಮ ಎಂದು ಎಂಜಿನ್ ಹೇಳುತ್ತಲೇ ಇತ್ತು. ಎದುರಾಳಿ ಡಿಂಗ್ ಲಿರೆನ್ ಬಿಳಿಯಲ್ಲಿದ್ದರೂ ಡ್ರಾ ಆದರೆ ಸಾಕು ಎಂಬಂತೆ ಕಾಯಿ ಕಳೆಯುತ್ತ ಹೋದರು. ಡ್ರಾ ಆಗಿದ್ದರೆ ಮರುದಿನ ವೇಗದ ಆಟ, ಅದರಲ್ಲಿ ಡಿಂಗ್ ಕೈ ಮೇಲು ಎಂಬುದು ಎಲ್ಲರ ಎಣಿಕೆ. ಉಳಿದದ್ದು ಒಂದು ಆನೆ, ಒಂದು ಒಂಟೆ, ಕೆಲವು ಕಾಲಾಳು. ಗುಕೇಶನಿಗೆ ಕಾಲಾಳು ಒಂದು ಹೆಚ್ಚು. ಬೇರೆಯವರಾದರೆ ಕೈ ಕುಲುಕಿ ಎದ್ದಿರುತ್ತಿದ್ದರು. ಗುಕೇಶ್ ಏಳಲಿಲ್ಲ. ಏನೂ ಇಲ್ಲದ ಜಾಗದಲ್ಲಿ ಒಂದೊಂದೇ ಸಣ್ಣ ಪ್ರಶ್ನೆ ಕೇಳುತ್ತ ಕೂತ. 55ನೆಯ ನಡೆಗೆ ಡಿಂಗ್ ಆನೆಯನ್ನು ತಪ್ಪು ಮನೆಗೆ ಸರಿಸಿದರು. ಆನೆಗೆ ಆನೆ, ಒಂಟೆಗೆ ಒಂಟೆ ಹೋದವು, ಹೆಚ್ಚಿದ್ದ ಒಂದು ಕಾಲಾಳೇ ಸಾಕಾಯಿತು, ಕಿರೀಟ ಬದಲಾಯಿತು. ಫೋನಿನ ಲೆಕ್ಕದಲ್ಲಿ ಇದು ಡಿಂಗ್ ಮಾಡಿದ ಒಂದು ಮಹಾತಪ್ಪು, ಎರಡು ಪ್ರಶ್ನೆಚಿಹ್ನೆ, ಅಷ್ಟೇ. ಆ ತಪ್ಪನ್ನು ಹಿಂಡಿ ತೆಗೆಯಲು ಗಂಟೆಗಟ್ಟಲೆ ಕೂತದ್ದಕ್ಕೆ ಕಾರ್ಡಿನಲ್ಲಿ ಕಾಲಮ್ಮೇ ಇಲ್ಲ.

ನನಗನಿಸುವುದು ಇಷ್ಟು. ಗುಕೇಶನ ನಿಧಾನ, ನಿಹಾಲನ ವೇಗ ಇವೆರಡೂ ಆಯಾ ಹುಡುಗರು ತೆತ್ತು ಕೊಂಡುಕೊಂಡವು. ನಿಹಾಲನ ಕೈಗೆ ಆ ವಿದ್ಯೆ ಬಂದದ್ದು ಸಾವಿರಾರು ಬ್ಲಿಟ್ಜ್ ಆಡಿ. ಗುಕೇಶನ ತಲೆಗೆ ಆ ಪಟ್ಟು ಬಂದದ್ದು ಅವನ್ನು ಆಡದೆ ಬಿಟ್ಟು. ಒಬ್ಬನ "ಸುಧಾರಿಸಬೇಕಾದದ್ದು" ಎಂಬ ಕಾಲಮ್ಮನ್ನು ಪೂರ್ತಿ ತಿದ್ದಲು ಹೊರಟರೆ "ಶಕ್ತಿ" ಎಂಬ ಕಾಲಮ್ಮೂ ಸ್ವಲ್ಪ ಅಳಿಸಿಹೋಗುತ್ತದೆ. ಒಬ್ಬ ಆಟಗಾರನ ಶೈಲಿ ಅಂತ ನಾವು ಕರೆಯುವುದರಲ್ಲಿ ಅರ್ಧ ಪಾಲು ಅವನು ತಿದ್ದಿಕೊಳ್ಳದೆ ಉಳಿಸಿಕೊಂಡ ದೋಷವೇ ಇರಬಹುದು. ದೊಡ್ಡಪ್ಪನ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಇದು. ಆದರೆ ಅವನ ಮುಂದೆ ಇಷ್ಟುದ್ದ ಮಾತಾಡುವ ಅವಕಾಶ ನನಗೆ ಸಿಗುವುದಿಲ್ಲ.

ಆನ್‌ಲೈನ್ ಆಟಗಾರನ ದೋಷಗಳಲ್ಲಿ ಅವನದಲ್ಲದ ದೋಷವೂ ಒಂದುಂಟು: ನೆಟ್ಟು. ಇದನ್ನು ತಳಕಿನವನಾದ ನಾನು ಹೇಳಿದರೆ ಹೊಟ್ಟೆನೋವಿನ ಮಾತಾದೀತು. ಇಲ್ಲಿ ಮಳೆ ಬಂದರೆ ಕರೆಂಟು ಹೋಗುತ್ತದೆ, ಗಾಳಿ ಬಂದರೆ ಹೋಗುತ್ತದೆ, ಎರಡೂ ಬಾರದಿದ್ದರೆ ರಿಪೇರಿಗೆಂದು ತೆಗೆಯುತ್ತಾರೆ. ಗೆಲ್ಲುವ ಆಟದಲ್ಲಿ ಮಂತ್ರಿಯನ್ನು ಎತ್ತಿ ಹಿಡಿದಿರುವಾಗ ಪರದೆಯ ಮೇಲೆ ಚಕ್ರ ತಿರುಗಲು ಶುರುವಾದರೆ ಆಗುವ ಸಂಕಟವನ್ನು ಯಾವ ಆಪೂ ಅಳೆದಿಲ್ಲ. ಆದರೆ ನಮ್ಮನ್ನು ಸಮಾಧಾನಪಡಿಸುವ ಸಂಗತಿ ಇದೆ. 2020ರ ಆಗಸ್ಟಿನಲ್ಲಿ ಮೊದಲ ಆನ್‌ಲೈನ್ ಒಲಿಂಪಿಯಾಡ್ ನಡೆಯಿತು. ಕ್ವಾರ್ಟರ್‌ಫೈನಲ್‌ನಲ್ಲಿ ನಿಹಾಲನ ಎದುರಾಳಿ, ಅರ್ಮೇನಿಯಾದ ಹುಡುಗನ ಸಂಪರ್ಕ ಕಡಿದು ಆಟ ಭಾರತದ ಪಾಲಾಯಿತು. ಅರ್ಮೇನಿಯಾ ಮೇಲ್ಮನವಿ ಹಾಕಿ, ಅದು ತಿರಸ್ಕೃತವಾಗಿ, ಸಿಟ್ಟಿನಿಂದ ಟೂರ್ನಿಯನ್ನೇ ಬಿಟ್ಟು ಹೋಯಿತು. ಆಗಸ್ಟ್ 30ರಂದು ರಷ್ಯಾದ ಜೊತೆ ಫೈನಲ್. ಈ ಸಲ ಸಂಪರ್ಕ ಕಳೆದುಕೊಂಡವರು ನಮ್ಮ ನಿಹಾಲ್ ಮತ್ತು ದಿವ್ಯಾ ದೇಶ್‌ಮುಖ್. ಜಗತ್ತಿನ ಹಲವು ಕಡೆ ಇಂಟರ್ನೆಟ್ಟೇ ಆ ಹೊತ್ತಿನಲ್ಲಿ ಕೈಕೊಟ್ಟಿತ್ತು. ಫಿಡೆ ಎರಡೂ ದೇಶಕ್ಕೆ ಚಿನ್ನ ಹಂಚಿತು. ಭಾರತ ಚೆಸ್‌ನಲ್ಲಿ ಗೆದ್ದ ಮೊದಲ ಒಲಿಂಪಿಯಾಡ್ ಚಿನ್ನದಲ್ಲಿ ಲೈನ್‌ಮನ್‌ಗಳ ಪಾಲೂ ಇದೆ ಎಂದು ನಾನು ಟೀ ಅಂಗಡಿಯಲ್ಲಿ ವಾದಿಸಿದ್ದೇನೆ. ಯಾರೂ ಒಪ್ಪಿಲ್ಲ.

ಅದೇ ವರ್ಷದ ಇನ್ನೊಂದು ಆಟ. ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಇದೇ ಡಿಂಗ್ ಲಿರೆನ್ ನಡುವೆ, ಆನ್‌ಲೈನಿನಲ್ಲಿ. ಡ್ರಾ ಆಗಲಿದ್ದ ಆಟದಲ್ಲಿ ಚೀನಾದಲ್ಲಿದ್ದ ಡಿಂಗ್ ಅವರ ನೆಟ್ ಹೋಗಿ ಆಟ ಸೋತಂತಾಯಿತು. ಮುಂದಿನ ಆಟ ಶುರುವಾದ ನಾಲ್ಕೈದು ನಡೆಯೊಳಗೆ ಕಾರ್ಲ್‌ಸನ್ ತನ್ನ ಮಂತ್ರಿಯನ್ನು ಬೇಕೆಂದೇ ಬಲಿ ಕೊಟ್ಟು ಸೋಲೊಪ್ಪಿಕೊಂಡ. ಲೆಕ್ಕ ಚುಕ್ತಾ. ಆ ನಡೆಯನ್ನು ಎಂಜಿನ್ನಿಗೆ ತೋರಿಸಿದರೆ ಅದು ಎರಡು ಪ್ರಶ್ನೆಚಿಹ್ನೆ ಹಾಕುತ್ತದೆ. ಕಾರ್ಲ್‌ಸನ್‌ನ ಎಷ್ಟೋ ಬ್ರಹ್ಮಾಂಡ ಆಟಗಳು ನನಗೆ ಅರ್ಥವಾಗುವುದಿಲ್ಲ, ಈ ತಪ್ಪು ನಡೆ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ.

ಇನ್ನು ನೂರಕ್ಕೆ ನೂರರ ಹತ್ತಿರ ಹೋದವರ ಕಥೆ. ಇದು ನಮ್ಮ ಕರ್ನಾಟಕದ್ದೇ. 2021ರ ಜೂನ್ 13, ಕೋವಿಡ್‌ನ ಎರಡನೆಯ ಅಲೆ. ಅಕ್ಷಯಪಾತ್ರ ಪ್ರತಿಷ್ಠಾನದ ನೆರವಿಗೆಂದು ಆನಂದ್ ಆನ್‌ಲೈನಿನಲ್ಲಿ ಖ್ಯಾತನಾಮರ ಜೊತೆ ಒಂದೊಂದು ಆಟ ಆಡಿದರು. ಆಮಿರ್ ಖಾನ್ ಇದ್ದರು, ನಮ್ಮ ಕಿಚ್ಚ ಸುದೀಪ್ ಇದ್ದರು, ಆಗ ಬೆಂಗಳೂರು ತಂಡದಲ್ಲಿದ್ದ ಯಜುವೇಂದ್ರ ಚಹಾಲ್ ಇದ್ದರು. ಚಹಾಲ್ ಕ್ರಿಕೆಟ್ಟಿಗೆ ಬರುವ ಮೊದಲು ಮಕ್ಕಳ ಚೆಸ್‌ನಲ್ಲಿ ದೇಶಕ್ಕೆ ಆಡಿದವರು. ಇವರ ನಡುವೆ ಬೆಂಗಳೂರಿನ ಶೇರುಪೇಟೆಯ ಕಂಪನಿ ಜೆರೋಧಾದ ನಿಖಿಲ್ ಕಾಮತ್ ಕೂತು, ಐದು ಬಾರಿಯ ವಿಶ್ವ ಚಾಂಪಿಯನ್ನನ್ನೇ ಸೋಲಿಸಿಬಿಟ್ಟರು. ಹೆಚ್ಚುಕಡಿಮೆ ನಡೆ ನಡೆಯೂ ಎಂಜಿನ್ ಹೇಳಿದಷ್ಟೇ ಸರಿ. ಮರುದಿನ ಅವರೇ ಹೊರಗೆ ಬಂದು, ಆಟ ಬಿಡಿಸುವವರ ಮತ್ತು ಕಂಪ್ಯೂಟರಿನ ಸಹಾಯ ಪಡೆದಿದ್ದೆ, ತಪ್ಪಾಯಿತು ಎಂದು ಕ್ಷಮೆ ಕೇಳಿದರು. ಆನಂದ್ ಹೆಚ್ಚು ಮಾತಾಡಲಿಲ್ಲ: ಮುಂದಿದ್ದ ಸ್ಥಿತಿಗೆ ತಕ್ಕಂತೆ ನಾನು ಆಡಿದೆ, ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದ ಎರಡು ಸಾಲು ಬರೆದು ಸುಮ್ಮನಾದರು. ಚೆಸ್ ಡಾಟ್ ಕಾಮ್ ಖಾತೆ ಮುಚ್ಚಿತು, ಆಮೇಲೆ ತೆರೆಯಿತು. ದೇಶವೆಲ್ಲ ನೈತಿಕತೆಯ ಮೇಲೆ ಮಾತಾಡಿ ಮುಗಿಸಿದೆ, ನಾನು ಮತ್ತೆ ಮಾತಾಡುವುದಿಲ್ಲ. ನನ್ನ ಕುತೂಹಲ ಬೇರೆ. ಆ ಆಟವನ್ನು ಮುಂದಿಟ್ಟು, ಕರಿಯೋ ಬಿಳಿಯೋ ಆಡಿದವನ ಶೈಲಿ ಏನು ಎಂದು ಕೇಳಿದರೆ ಏನು ಹೇಳುತ್ತೀರಿ? ಹೇಳಲು ಏನೂ ಸಿಗುವುದಿಲ್ಲ. ಅಲ್ಲಿ ಯಾರೂ ಕೂತಿರಲಿಲ್ಲ. ಸೋಲಲೆಂದೇ ಕೂತ ಉಳಿದವರ ಎಡವಟ್ಟುಗಳಲ್ಲಿ ಒಬ್ಬೊಬ್ಬರೂ ಕಾಣುತ್ತಿದ್ದರು.

ಎಂಜಿನ್ನಿಗೆ ತಿಳಿಯದ ವಿಷಯವೂ ಇದೆ, ಅದೂ ನಮ್ಮ ಜಿಲ್ಲೆಯವರು ಎದೆ ಸೆಟೆಸುವಂಥದು: ಕೋಟೆ. ಚೆಸ್‌ನಲ್ಲಿ ಕೋಟೆ ಎಂದರೆ, ನಿಮ್ಮಲ್ಲಿ ಕಾಯಿ ಕಡಿಮೆ ಇದ್ದರೂ ಇರುವುದನ್ನು ಒಂದು ಮೂಲೆಯಲ್ಲಿ ಹೇಗೆ ಜೋಡಿಸಿಕೊಳ್ಳುತ್ತೀರಿ ಅಂದರೆ, ಎದುರಾಳಿ ಮಂತ್ರಿಯನ್ನೇ ಇಟ್ಟುಕೊಂಡು ಸುತ್ತಿದರೂ ಒಳಗೆ ಬರಲು ದಾರಿ ಇರುವುದಿಲ್ಲ. ಮನುಷ್ಯ ಆಟಗಾರ ನೋಡಿದ ಕೂಡಲೇ "ಇದು ಡ್ರಾ" ಎನ್ನುತ್ತಾನೆ. ಎಂಜಿನ್ ಮಾತ್ರ ಬಹಳ ಕಾಲ, ನಿಮ್ಮ ಎದುರಾಳಿ ಭರ್ತಿ ಗೆಲ್ಲುತ್ತಿದ್ದಾನೆ ಎಂದೇ ಅಂಕೆ ತೋರಿಸುತ್ತ ಕೂತಿರುತ್ತಿತ್ತು. ಈಗೀಗ ಸ್ವಲ್ಪ ಸುಧಾರಿಸಿದೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಪಕ್ಕ ಹುಟ್ಟಿ, ತ.ರಾ.ಸು. ಅವರ 'ದುರ್ಗಾಸ್ತಮಾನ' ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೈದರಾಲಿಯ ಲೆಕ್ಕದಲ್ಲಿ ದುರ್ಗ ಎಷ್ಟು ಬಾರಿ ಬಿದ್ದಿತ್ತೋ, ನಿಜಕ್ಕೂ ಬೀಳಲು 1779 ಬರಬೇಕಾಯಿತು. ಬಿದ್ದದ್ದೂ ಬಲಕ್ಕಿಂತ ಒಳಗಿನವರಿಂದ ಎಂದು ನಮ್ಮ ಕಡೆ ಇವತ್ತಿಗೂ ಹೇಳುತ್ತಾರೆ.

ಆನ್‌ಲೈನ್, ಎಂಜಿನ್ ಎರಡೂ ಇಲ್ಲದ ಕಾಲದಲ್ಲೂ ಕನ್ನಡ ನಾಡಿನಲ್ಲಿ ಈ ಆಟದ ಹುಚ್ಚು ಸಾಕಷ್ಟಿತ್ತು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ, ಹನ್ನೆರಡನೆಯ ಶತಮಾನದಲ್ಲಿ, 'ಮಾನಸೋಲ್ಲಾಸ'ದಲ್ಲಿ ಅಡುಗೆ, ಆನೆ, ಮೀನು ಹಿಡಿಯುವುದರ ಜೊತೆಗೆ ಚತುರಂಗಕ್ಕೂ ಜಾಗ ಕೊಟ್ಟ. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಮುಂದೆ ಹೋದರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಮನೆಯಲ್ಲಿ ಹೊತ್ತು ಬೇಕಾದಷ್ಟಿತ್ತು. ಹೊಸ ಹೊಸ ಮಣೆಯಾಟ, ಎಲೆಯಾಟ ಕಟ್ಟಿದರು. ಒಂದೇ ಕುದುರೆಯನ್ನು 64 ಮನೆಗೂ, ಹೋದ ಮನೆಗೆ ಮತ್ತೆ ಹೋಗದಂತೆ ಸುತ್ತಿಸುವ ಸಮಸ್ಯೆಯಲ್ಲಿ ಮುಳುಗಿದರು. ರಾಜ್ಯವೇ ಇಲ್ಲದ ರಾಜ, ಸೈನ್ಯವೇ ಇಲ್ಲದ ಕುದುರೆ. ಅವರ ಕಾರ್ಡಿನಲ್ಲಿ "ಸಮಯದ ಬಳಕೆ" ಎಂಬ ಕಡೆ ಏನು ಬರೆಯಬೇಕೋ ನನಗೆ ತೋಚುವುದಿಲ್ಲ.

ನಮ್ಮ ದೊಡ್ಡಪ್ಪ ಆಡುವ ಚದುರಂಗ ಈ ಹಳೇ ಮನೆತನದ್ದೇ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ರಾಜನನ್ನು ಆನೆಯ ಜೊತೆ ಅದಲು ಬದಲು ಮಾಡಿ ಬಚ್ಚಿಡುವ ಪದ್ಧತಿ ಇಲ್ಲ, ಬದಲಿಗೆ ರಾಜ ಒಂದು ಸಲ ಕುದುರೆಯ ಹಾರಿಕೆ ಹಾರಬಹುದು. ಕಾಲಾಳು ಕೊನೆಯ ಸಾಲು ಮುಟ್ಟಿದರೆ ತಾನು ಬಯಸಿದ್ದು ಆಗುವಂತಿಲ್ಲ, ಯಾವ ಸಾಲಿನಲ್ಲಿ ಮುಟ್ಟಿತೋ ಆ ಸಾಲಿನ ಕಾಯಿಯೇ ಆಗಬೇಕು. ಇದರಿಂದ ಆಟ ನಿಧಾನವಾಗುತ್ತದೆ, ಆರಂಭದ ಪಾಠ ಯಾವುದೂ ಬಾಯಿಪಾಠ ಮಾಡಲು ಬರುವುದಿಲ್ಲ, ಆಟವೆಲ್ಲ ನಡು ಮತ್ತು ಕೊನೆಯಲ್ಲೇ. ಇಂಥ ದೇಶಿ ಆಟ ಆಡಿಕೊಂಡು ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್, ಶ್ರೀಮಂತ ದೊರೆಯೊಬ್ಬರ ಪರಿವಾರದವನು, 1929ರಲ್ಲಿ ಅವರ ಜೊತೆ ಇಂಗ್ಲೆಂಡಿಗೆ ಹೋಗಿ ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದ. 1932, 1933ರಲ್ಲಿ ಮತ್ತೆ. ನಡುವೆ ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾನನ್ನೇ ಸೋಲಿಸಿದ. ಆರಂಭದಾಟದಲ್ಲಿ ಅವನು ಎಡವುತ್ತಿದ್ದ, ಅಷ್ಟರಲ್ಲಿ ಮುಗಿಸಲು ಆಗದೆ ಹೋದ ಎದುರಾಳಿ ಕೊನೆಯಾಟದಲ್ಲಿ ಸಿಕ್ಕಿಬೀಳುತ್ತಿದ್ದ. ಫೋನಿನ ಕೈಗೆ ಸಿಕ್ಕಿದ್ದರೆ "ಆರಂಭ: ಕಳಪೆ" ಎಂದು ಮೊದಲ ಸಾಲಿನಲ್ಲೇ ಬರೆಯುತ್ತಿತ್ತು. ದೊರೆ ವಾಪಸು ಬಂದ, ಸುಲ್ತಾನ್ ಖಾನನೂ ಬಂದ, ಹೊಲ ನೋಡಿಕೊಂಡು 1966ರಲ್ಲಿ ತೀರಿಕೊಂಡ. ಫಿಡೆ ಅವನಿಗೆ ಗ್ರ್ಯಾಂಡ್‌ಮಾಸ್ಟರ್ ಗೌರವ ಕೊಟ್ಟದ್ದು 2024ರಲ್ಲಿ. ತೇಜಕುಮಾರ್ ಹತ್ತಿದ ಗಾಡಿಗಿಂತಲೂ ನಿಧಾನದ ಗಾಡಿ ಇದೆ ಎಂದು ಇದರಿಂದ ತಿಳಿಯಿತು.

ಅಕ್ಕನ ಮಗನ ಇನ್ನೊಬ್ಬ ದೇವರು ಬಾಕಿ ಇದ್ದಾನೆ. ನಾಕಾಮುರಾ 1987ರಲ್ಲಿ ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು. ಒಂದು ಕಾಲಕ್ಕೆ ಜಗತ್ತಿನ ಎರಡನೆಯ ಆಟಗಾರ. ಆಮೇಲೆ ಕ್ಯಾಮೆರಾದ ಮುಂದೆ ಕೂತು ಆಡುತ್ತ, ಆಡುವಾಗಲೇ ವಟಗುಟ್ಟುತ್ತ, ಲಕ್ಷಾಂತರ ಜನಕ್ಕೆ ತೋರಿಸುವುದನ್ನೇ ಉದ್ಯೋಗ ಮಾಡಿಕೊಂಡ. ತಾನು ಮೊದಲು ಸ್ಟ್ರೀಮರ್, ಆಮೇಲೆ ಚೆಸ್ ಆಟಗಾರ ಎಂದು ಅವನೇ ಹೇಳಿಕೊಂಡ. ವಿಚಿತ್ರವೆಂದರೆ, ಹಾಗೆಂದ ಮೇಲೆ ಅವನ ಎದುರುಬದುರಿನ ಆಟವೂ ಮೊದಲಿಗಿಂತ ಹಗುರಾಗಿ, ಗಟ್ಟಿಯಾಗಿ ಬಂತು. ಗೆಲ್ಲಲೇಬೇಕೆಂಬ ಹಟ ಸಡಿಲಿಸಿದ್ದು ಯಾವ ಕಾಲಮ್ಮಿನಲ್ಲಿ ಬರುತ್ತದೆ, ಶಕ್ತಿಯೋ ದೋಷವೋ, ನೀವೇ ನಿರ್ಧರಿಸಿ.

2025ರಲ್ಲಿ ಅವನಿಗೊಂದು ಪೇಚು ಬಂತು. ವಿಶ್ವ ಚಾಂಪಿಯನ್ನನಿಗೆ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಗೆ ರೇಟಿಂಗ್ ಆಧಾರದಲ್ಲಿ ಒಂದು ಜಾಗ, ರೇಟಿಂಗ್ ಅವನಿಗೆ ಬೇಕಾದಷ್ಟಿತ್ತು. ಆದರೆ ಒಂದು ವರ್ಷದಲ್ಲಿ ಕನಿಷ್ಠ 40 ಅಸಲಿ ಆಟ ಆಡಿರಬೇಕೆಂಬುದು ನಿಯಮವಾಗಿತ್ತು. ದಿನಕ್ಕೆ 40 ಆಟ ಪರದೆಯ ಮೇಲೆ ಆಡುವವನಿಗೆ ಎದುರುಬದುರಿನ 40 ಆಟ ಲೆಕ್ಕಕ್ಕೆ ಕಡಿಮೆ ಬಿದ್ದವು. ಕೊನೆಗೆ ಲೂಯಿಸಿಯಾನ, ಅಯೋವಾ ಮುಂತಾದ ಕಡೆಯ ಸಣ್ಣ ಟೂರ್ನಿಗಳಿಗೆ ಹೆಸರು ಕೊಟ್ಟು, ಶನಿವಾರ ಭಾನುವಾರದ ಹವ್ಯಾಸಿಗಳ ನಡುವೆ ಕುರ್ಚಿ ಎಳೆದು ಕೂತು ಆಟ ಭರ್ತಿ ಮಾಡಿಕೊಂಡ. ಮಾಮೂಲಿ ಜನ ಮರುದಿನ ಆಫೀಸಿಗೆ ಹೋಗಿ "ನಾಕಾಮುರಾ ಎದುರು ಸೋತೆ" ಎಂದು ಹೇಳಿಕೊಳ್ಳುವ ಭಾಗ್ಯ ಪಡೆದರು.

ಇದನ್ನು ಟೀ ಅಂಗಡಿಯಲ್ಲಿ ಹೇಳಿದೆ. ಅಕ್ಕನ ಮಗನ ಕಣ್ಣು ಅರಳಿತು. "ಮಾವ, ಚಳ್ಳಕೆರೇಲಿ ಒಂದು ಟೂರ್ನಿ ಇಟ್ರೆ ಬರ್ತಾನಾ?" ಮಂಡಿ ವರ್ತಕರು ಬಹುಮಾನ ಕೊಡುತ್ತಾರೆ, ಶೇಂಗಾ ಬೇಕಾದಷ್ಟಿದೆ, ಕಂಬಳಿ ಹೊದಿಸಿ ಸನ್ಮಾನ ಮಾಡಬಹುದು, ಹಾಲ್ ಸಿಕ್ಕದಿದ್ದರೆ ಕಲ್ಯಾಣಮಂಟಪ ಇದೆ ಎಂದು ಅವನ ಯೋಜನೆ ಅರ್ಧ ಗಂಟೆಯಲ್ಲಿ ಪೂರ್ತಿಯಾಯಿತು. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, ಗ್ಲಾಸಿನ ತಳದ ಟೀ ಚೆಲ್ಲಿ, ಕೇಳಿದ.

"ಕರ್ಸ್ರಿ. ಕಾಲಾಳು ಒಂದೇ ಮನೆ ಹೋಗ್ಬೇಕು ಅಂತ ಹೇಳಿದ್ದೀರಾ ಅವನಿಗೆ?"

"ಇಲ್ಲ ದೊಡ್ಡಪ್ಪ."

"ಹೇಳ್ರಿ ಮತ್ತೆ. ಗಡಿಯಾರ ಇಕ್ಕಲ್ಲ ಅಂತ್ಲೂ ಹೇಳ್ರಿ. ಸಂಜೆ ಬಸ್ಸಿಗೆ ಹೊಕ್ಕೀನಿ ಅಂದ್ರೆ ಆಗಲ್ಲ."